ಬೆರಳಿಗೆ ಗೊತ್ತಿದ್ದದ್ದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. 2015ರ ಜುಲೈಯಲ್ಲಿ ಬಂದಿದ್ದ ಈ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಅಂದು ನಿಂತಿತು. ಹೊಸ ಲ್ಯಾಪ್‌ಟಾಪ್ ಇದ್ದವರಿಗೆ ಇದು ಸುದ್ದಿಯೇ ಅಲ್ಲ. ಅವರು ಎಂದೋ ವಿಂಡೋಸ್ 11ಕ್ಕೆ ಹೋಗಿಯಾಗಿತ್ತು. ಆದರೆ 11 ಎಲ್ಲ ಯಂತ್ರಗಳ ಮೇಲೂ ಕೂರುವುದಿಲ್ಲ. ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಬೇಕು, ಸುಮಾರಾಗಿ 2018ರಿಂದ ಈಚಿನ ಪ್ರೊಸೆಸರ್ ಬೇಕು. ಅದಕ್ಕಿಂತ ಹಿಂದಿನ ಕಂಪ್ಯೂಟರ್ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಅದಕ್ಕೆ ಮುಂದಿನ ದಾರಿ ಇಲ್ಲ.

ಇಂಥ ಚೆನ್ನಾಗಿ ಓಡುವ ಹಳೆಯ ಕಂಪ್ಯೂಟರ್‌ಗಳು ಹೆಚ್ಚಾಗಿ ಇರುವುದು ಡಿಟಿಪಿ ಅಂಗಡಿಗಳಲ್ಲಿ. ವಿಜಯವಾಡದ ಗವರ್ನರ್‌ಪೇಟೆಯ ಒಂದು ಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿನ ಜಾಗದಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಫ್ಯಾನ್ ಇರುವ ಅಂಥದೊಂದು ಅಂಗಡಿ ಇದೆ. ಮದುವೆಯ ಶುಭಲೇಖ, ಕರಪತ್ರ, ಕಾಲೇಜಿನ ಪ್ರಬಂಧ, ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ನಿವೃತ್ತ ಮೇಷ್ಟ್ರ ಕವಿತೆ, ಎಲ್ಲವೂ ಅಲ್ಲಿ ಟೈಪ್ ಆಗುತ್ತವೆ. ವಿಜಯವಾಡ ತೆಲುಗು ಪುಸ್ತಕದ ಊರು. ದೊಡ್ಡ ಪ್ರಕಾಶಕರ ಮಳಿಗೆಗಳು ಏಲೂರು ರಸ್ತೆಯ ಉದ್ದಕ್ಕೂ ಇವೆ. ಜನವರಿ ಬಂದರೆ ಪುಸ್ತಕೋತ್ಸವ ನಡೆಯುತ್ತದೆ. ಆ ಪುಸ್ತಕಗಳ ಪುಟಗಳು ಮೂಡುವುದು ಇಂಥ ಮೆಟ್ಟಿಲ ಕೆಳಗಿನ ಜಾಗಗಳಲ್ಲಿ.

ಅಂಗಡಿ ನಡೆಸುವವರಿಗೆ ಐವತ್ತು ದಾಟಿದೆ. ಬರುವವರಿಗೆಲ್ಲ ಅವರು 'ಅಕ್ಕ', ಅಣ್ಣನ ಮಗಳಿಗೆ 'ಅತ್ತೆ'. ಹುಟ್ಟಿದ್ದು ಮಡಕಶಿರಾ ಕಡೆಯ ಹಳ್ಳಿಯಲ್ಲಿ. ಅನಂತಪುರದಿಂದ ಬೇರೆಯಾಗಿ ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಆ ಸೀಮೆ ಆಂಧ್ರದ ಭೂಪಟದಲ್ಲಿ ಕರ್ನಾಟಕದೊಳಗೆ ಚಾಚಿಕೊಂಡ ತುಂಡಿನಂತೆ ಕಾಣುತ್ತದೆ. ಮನೆಮಾತು ಕನ್ನಡ, ಸಂತೆಮಾತು ಎರಡೂ. ಅತ್ತೆಯ ಅಮ್ಮ ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಓದಿದವರು. ಮಕ್ಕಳನ್ನು ಮಾತ್ರ ಮುಂದಿನ ಓದಿಗೆ, ನೌಕರಿಗೆ ಅನುಕೂಲವಾಗಲಿ ಎಂದು ತೆಲುಗು ಶಾಲೆಗೆ ಹಾಕಿದರು. ಮದುವೆಯಾಗಿ ವಿಜಯವಾಡಕ್ಕೆ ಬಂದ ಅತ್ತೆ 1994ರಲ್ಲಿ ಒಂದು ಪ್ರೆಸ್ಸಿಗೆ ಕೆಲಸಕ್ಕೆ ಸೇರಿದರು. ಅಲ್ಲಿಂದ ಇಲ್ಲಿಯವರೆಗೆ ಬೆರಳುಗಳೇ ಅವರ ಬಂಡವಾಳ.

ಆ ಪ್ರೆಸ್ಸಿನಲ್ಲಿ ಆಗ ಒಬ್ಬ ಹಿರಿಯರಿದ್ದರು, ಮೊಳೆ ಜೋಡಿಸುವವರು. ಸೀಸದ ಅಕ್ಷರಗಳನ್ನು ಖಾನೆಗಳಿಂದ ನೋಡದೆಯೇ ಹೆಕ್ಕಿ, ಸಾಲು ಮಾಡಿ, ತಿರುಗುಮುರುಗಾಗಿ ಕಾಣುವ ಸಾಲನ್ನು ಪತ್ರಿಕೆ ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು. ಮಾಲೀಕರು ಕಂಪ್ಯೂಟರ್ ತಂದಾಗ ಅವರನ್ನೂ ಅದರ ಮುಂದೆ ಕೂರಿಸಿದರು. ಒಂದು ವಾರ ಕೂತು ಎದ್ದುಹೋದರು. ಆಮೇಲೆ ಪ್ರೂಫ್ ತಿದ್ದುವ ಮೇಜಿಗೆ ಬಂದು ಅಲ್ಲೇ ಉಳಿದರು. ಅವರ ಕೈಗೆ ಗೊತ್ತಿದ್ದ ವಿದ್ಯೆಯ ಬೆಲೆ ಒಂದು ವಾರದಲ್ಲಿ ಇಳಿದುಹೋಯಿತು. ಕಣ್ಣಿಗೆ ಗೊತ್ತಿದ್ದದ್ದರ ಬೆಲೆ ಉಳಿಯಿತು. ಇಪ್ಪತ್ತೊಂದು ವರ್ಷದ ಹುಡುಗಿಗೆ ಆಗ ಇದು ಅಷ್ಟಾಗಿ ತಟ್ಟಲಿಲ್ಲ. ಆಕೆ ಹೊಸದರ ಕಡೆಯವಳು.

ಹೊಸದು ಎಂದರೆ ಪೇಜ್‌ಮೇಕರ್, ಅದರ ಜೊತೆಗೆ ತೆಲುಗಿಗೆಂದು ಮಾಡಿದ ಫಾಂಟ್‌ಗಳು. ಮುಂದೆ 'ಅನು' ಫಾಂಟ್‌ಗಳು ತೆಲುಗು ಡಿಟಿಪಿಯನ್ನು ತುಂಬಿಕೊಂಡವು. ಆ ಕಾಲಕ್ಕೆ ಅವು ದೊಡ್ಡ ಉಪಕಾರ. ವಿಂಡೋಸ್‌ಗೆ ಆಗಿನ್ನೂ ತೆಲುಗೂ ಗೊತ್ತಿರಲಿಲ್ಲ, ಕನ್ನಡವೂ ಗೊತ್ತಿರಲಿಲ್ಲ. ಎರಡಕ್ಕೂ ಜಾಗ ಸಿಕ್ಕಿದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ: ಕನ್ನಡಕ್ಕೆ ತುಂಗಾ, ತೆಲುಗಿಗೆ ಗೌತಮಿ ಎಂಬ ಫಾಂಟ್‌ಗಳು ಬಂದವು, ಎರಡೂ ನದಿಯ ಹೆಸರುಗಳೇ. ಅಷ್ಟರವರೆಗೆ ಕಂಪ್ಯೂಟರಿಗೆ ಭಾರತದ ಭಾಷೆ ಬರಬೇಕಾದರೆ ಒಂದು ಉಪಾಯ ಮಾಡಬೇಕಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ನಮ್ಮ ಅಕ್ಷರಗಳ ತುಂಡುಗಳನ್ನು ಕೂರಿಸುವುದು: ಒಂದು ಮನೆಯಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಒತ್ತು, ಮತ್ತೊಂದರಲ್ಲಿ ಕೊಂಬು. ಕನ್ನಡದಲ್ಲಿ 1998ರ ಬರಹ, ಅನಂತರದ ನುಡಿ, ಇವುಗಳೂ ಮೊದಲು ಹೀಗೇ ಕೆಲಸ ಮಾಡಿದವು. ಪರದೆಯ ಮೇಲೆ ಕಾಣುವುದು ತೆಲುಗು ಅಥವಾ ಕನ್ನಡ; ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವುದು ಇಂಗ್ಲಿಷಿನ ಮನೆಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ತಲೆಯ ಮೇಲೆ ಟೊಪ್ಪಿಗೆ, ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆ.

ಅತ್ತೆಯ ಮೂವತ್ತು ವರ್ಷದ ದುಡಿಮೆ ಇರುವುದು ಆ ಮನೆಗಳಲ್ಲಿ. ಡಬ್ಬಿಯಲ್ಲಿ ಜೋಡಿಸಿಟ್ಟ ಸಿಡಿಗಳು, ಆಮೇಲೆ ಹಾರ್ಡ್ ಡಿಸ್ಕ್‌ಗಳು. ಎಂದೋ ಮಾಡಿದ ಪುಸ್ತಕದ ಎರಡನೇ ಮುದ್ರಣಕ್ಕೆ ಲೇಖಕರ ಮಗನೋ ಮೊಮ್ಮಗಳೋ ಬಂದರೆ ಅವರ ಹತ್ತಿರ ಇರುವುದಿಲ್ಲ, ಅತ್ತೆಯ ಹತ್ತಿರ ಇರುತ್ತದೆ. ಅಂಗಡಿಗೆ ಜನ ಬರಲು ಅದೂ ಒಂದು ಕಾರಣ.

ಅಂಗಡಿಗೆ ಇಂಟರ್ನೆಟ್ ಬೇಕು. ಗಿರಾಕಿಗಳು ಬರಹ ಕಳಿಸುವುದು ವಾಟ್ಸಾಪ್‌ನಲ್ಲಿ, ಇಮೇಲ್‌ನಲ್ಲಿ. ಊರಿನವರ ಪೆನ್‌ಡ್ರೈವ್‌ಗಳೆಲ್ಲ ಬಂದು ತಲೆಹಾಕುವ ಕಂಪ್ಯೂಟರ್‌ಗೆ ಭದ್ರತೆಯ ಅಪ್‌ಡೇಟ್ ನಿಂತರೆ ಏನಾದೀತು ಎಂಬ ಚಿಂತೆ ಒಂದು ಕಡೆ, ಎರಡು ಹೊಸ ಕಂಪ್ಯೂಟರಿನ ದುಡ್ಡು ಇನ್ನೊಂದು ಕಡೆ. ಆ ವರ್ಷದ ದಸರೆಗೆ ವಿಶಾಖಪಟ್ಟಣದಿಂದ ಅಣ್ಣನ ಮಗಳು ಬಂದಳು. ಎಂಜಿನಿಯರಿಂಗ್ ಮೂರನೇ ವರ್ಷ. ಇಂದ್ರಕೀಲಾದ್ರಿಯ ದುರ್ಗೆಯ ದರ್ಶನಕ್ಕೆ ಸಾಲಿನಲ್ಲಿ ನಿಂತು ಬಂದವಳು ಮಾರನೆಯ ದಿನ ಅಂಗಡಿಯಲ್ಲಿ ಕೂತು, ಒಂದು ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಚಾಲೂ ಮಾಡಿ ತೋರಿಸಿದಳು. ಲಿನಕ್ಸ್ ಮಿಂಟ್. ದುಡ್ಡು ಕೊಡಬೇಕಿಲ್ಲ, ಹಳೆಯ ಯಂತ್ರದ ಮೇಲೆ ಓಡುತ್ತದೆ, ಈಗಿನ ಆವೃತ್ತಿಗೆ 2029ರವರೆಗೆ ಬೆಂಬಲ ಇದೆ. ಇಷ್ಟವಾಗದಿದ್ದರೆ ಪೆನ್‌ಡ್ರೈವ್ ಕಿತ್ತರೆ ಆಯಿತು, ಹಳೆಯದು ಹಾಗೇ ಇರುತ್ತದೆ. ಅತ್ತೆ ಎರಡು ದಿನ ನೋಡಿ, ಎರಡು ಕಂಪ್ಯೂಟರಿನಲ್ಲಿ ಒಂದಕ್ಕೆ ಹಾಕು ಎಂದರು. ಇನ್ನೊಂದರ ಇಂಟರ್ನೆಟ್ ವೈರ್ ಕಿತ್ತು ಪಕ್ಕಕ್ಕಿಟ್ಟರು. ಅದರಲ್ಲಿ ಹಳೆಯ ಪೇಜ್‌ಮೇಕರ್, ಹಳೆಯ ಅನು, ಹಳೆಯ ಪುಸ್ತಕಗಳು ಇದ್ದ ಹಾಗೇ ಉಳಿದವು.

ಅಣ್ಣನ ಮಗಳು ಕಾಲೇಜಿಗೆ ಹಿಂದಿರುಗಿದಳು. ಆಮೇಲಿನ ಎರಡು ವಾರ ಕಷ್ಟದ್ದು.

ಹೊಸ ವ್ಯವಸ್ಥೆ ಪೂರಾ ಬೇರೆಯಾಗಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅದು ಹೆಚ್ಚುಕಡಿಮೆ ಹಳೆಯದರ ಹಾಗೇ ಇತ್ತು. ಕೆಳಗೆ ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ, ಕಂಟ್ರೋಲ್ ಮತ್ತು ಸಿ ಒತ್ತಿದರೆ ನಕಲು. ಹಾಗಾಗಿ ಕೈ ತನ್ನ ಪಾಡಿಗೆ ತಾನು ಓಡಿ, ಎಲ್ಲೋ ಒಂದು ಕಡೆ ಎಡವುತ್ತಿತ್ತು. ಸಿ ಡ್ರೈವ್, ಡಿ ಡ್ರೈವ್ ಎಂಬುದೇ ಇಲ್ಲ. ಎಲ್ಲವೂ 'ಹೋಮ್' ಎಂಬ ಒಂದೇ ಮನೆಯ ಕೋಣೆಗಳು. ಒಂದಿಷ್ಟು ಬರಹ ಆಯ್ದು ಮೌಸ್‌ನ ನಡುವಿನ ಚಕ್ರವನ್ನು ಒತ್ತಿದರೆ, ನಕಲು ಮಾಡದಿದ್ದರೂ, ಆ ಬರಹ ಇನ್ನೊಂದು ಕಡೆ ಹೋಗಿ ಅಂಟಿಕೊಳ್ಳುತ್ತದೆ. ಯಾರದೋ ಶುಭಲೇಖದಲ್ಲಿ ವರನ ಹೆಸರು ಎರಡು ಸಲ ಬಂದದ್ದು ಹಾಗೆ. ಅಚ್ಚಿಗೆ ಹೋಗುವ ಮೊದಲು ಕಣ್ಣಿಗೆ ಬಿತ್ತು. ಫೋಲ್ಡರಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ ಬೇರೆ, ಸಣ್ಣ ಅಕ್ಷರ ಬೇರೆ. ಒಂದೇ ಹೆಸರಿನ ಎರಡು ಫೋಲ್ಡರ್ ಹುಟ್ಟಿಕೊಂಡು ಇವತ್ತಿನ ಕೆಲಸ ಅರ್ಧ ಅಲ್ಲಿ, ಅರ್ಧ ಇಲ್ಲಿ.

ತೆಲುಗು ಮತ್ತು ಕನ್ನಡದ ನಡುವೆ ಓಡಾಡುವ ಯಾರಿಗೂ ಈ ಕಷ್ಟ ಗೊತ್ತಿದ್ದದ್ದೇ. ತಮಿಳಿಗೆ ಹೋದ ಕನ್ನಡಿಗ ಎಚ್ಚರದಿಂದ ಇರುತ್ತಾನೆ, ತೆಲುಗಿಗೆ ಹೋದವನು ಮೈಮರೆಯುತ್ತಾನೆ. ತೆಲುಗಿನಲ್ಲಿ 'ಅವಸರಂ' ಎಂದರೆ ಬೇಕು, ಅಗತ್ಯ. ಕನ್ನಡದಲ್ಲಿ ಅವಸರ ಎಂದರೆ ಆತುರ. ದುಡ್ಡು ಅವಸರ ಎಂದು ತೆಲುಗಿನವರು ಹೇಳಿದರೆ ಅವರಿಗೆ ಯಾವ ಗಡಿಬಿಡಿಯೂ ಇಲ್ಲದಿರಬಹುದು. ಅನುವಾದಕರು ಕಾಲು ಜಾರುವುದು ಕಠಿಣ ಪದಗಳಲ್ಲಿ ಅಲ್ಲ. ಅವುಗಳಿಗೆ ನಿಘಂಟು ತೆರೆಯುತ್ತಾರೆ. ಜಾರುವುದು ಪರಿಚಿತ ಮುಖದ ಪದಗಳಲ್ಲಿ, ಅಲ್ಲಿ ನಿಘಂಟು ತೆರೆಯಬೇಕೆಂದೇ ಅನ್ನಿಸುವುದಿಲ್ಲ. ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಬಂದವರ ಗೋಳೂ ಇದೇ. ಹೊಸದನ್ನು ಕಲಿಯುವುದು ಅದರ ಅರ್ಧ ಮಾತ್ರ. ಬೆರಳು ತಾನಾಗಿ ಮಾಡುವುದನ್ನು ತಡೆದು, ಪ್ರತಿ ಸಲ ನಿಂತು ನೋಡುವುದು ಉಳಿದ ಅರ್ಧ. ಆ ಅರ್ಧವೇ ದಣಿಸುತ್ತದೆ.

ಅದರ ಮೇಲೆ ನಾಚಿಕೆ. ಅಂಗಡಿಯಲ್ಲಿ ಅತ್ತೆಯ ಹೆಸರು ನಿಂತಿರುವುದೇ ವೇಗದ ಮೇಲೆ. ಗಿರಾಕಿ ಹೇಳುತ್ತಾ ಹೋಗಬೇಕು, ಅವರು ಪರದೆಯಿಂದ ಕಣ್ಣು ತೆಗೆಯದೆ ಟೈಪ್ ಮಾಡುತ್ತಾ ಹೋಗಬೇಕು. ಈಗ ಕೀಬೋರ್ಡ್ ನೋಡಿ ಒಂದೊಂದೇ ಅಕ್ಷರ ಕುಟ್ಟುತ್ತಿದ್ದರೆ ಎದುರಿನ ಸ್ಟೂಲಿನಲ್ಲಿ ಕೂತವರು ಏನೂ ಅನ್ನುವುದಿಲ್ಲ, ಮೊಬೈಲ್ ತೆಗೆದು ನೋಡುತ್ತಾರೆ. ಅದು ಸಾಕು. ಒಂದು ಸಂಜೆ ಅಣ್ಣನ ಮಗಳಿಗೆ ಫೋನ್ ಮಾಡಿದರು.

"ಮೂವತ್ತು ವರ್ಷ ಆಯ್ತು ಕಣೇ ಇದನ್ನ ಕುಟ್ಟೋಕೆ ಶುರು ಮಾಡಿ. ಈಗ 'ಕ' ಎಲ್ಲೈತೆ ಅಂತ ಹುಡುಕ್ತಾ ಕೂತಿದೀನಿ. ಇದು ಕೆಟ್ಟೋಗೈತೆ, ತೆಗೆದುಬಿಡು."

"ಕೆಟ್ಟೋಗಿಲ್ಲ ಅತ್ತೆ. ಬೇರೆ ಥರ ಐತೆ ಅಷ್ಟೇ. ನಾಲ್ಕು ದಿನ ಅಂಗಡಿ ಮುಚ್ಚಿ ಇಲ್ಲಿಗೆ ಬಾ."

ನಾಲ್ಕು ದಿನ ಅಂಗಡಿ ಮುಚ್ಚುವುದು ಸಣ್ಣ ಮಾತಲ್ಲ. ಆದರೂ ಅತ್ತೆ ಬೆಳಗಿನ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದರು. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಸುಮಾರು 350 ಕಿಲೋಮೀಟರ್. ಗೋದಾವರಿಯನ್ನು ರಾಜಮಂಡ್ರಿಯಲ್ಲಿ ದಾಟಬೇಕು. ಎರಡು ಊರುಗಳಿಗೂ ಜಾಗ ಬದಲಿಸುವುದರ ಹಳೆಯ ನಂಟು ಒಂದಿದೆ. 1926ರಲ್ಲಿ ಆಂಧ್ರ ವಿಶ್ವವಿದ್ಯಾಲಯ ಶುರುವಾದದ್ದು ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ. ನಾಲ್ಕು ವರ್ಷದಲ್ಲಿ ಅದು ವಾಲ್ತೇರಿಗೆ, ಇಂದಿನ ವಿಶಾಖಪಟ್ಟಣಕ್ಕೆ ಹೋಯಿತು.

ವಿಶಾಖಪಟ್ಟಣದ ರೈಲು ನಿಲ್ದಾಣದಲ್ಲಿ ಹೊಸಬರಿಗೆ ಒಂದು ಗಲಿಬಿಲಿ ಕಾದಿರುತ್ತದೆ. ವಿಜಯವಾಡದ ಕಡೆಯಿಂದ ಬಂದು ಹೌರಾ ಕಡೆಗೆ ಹೋಗುವ ಗಾಡಿ ಇಲ್ಲಿ ನಿಂತರೆ, ಎಂಜಿನ್ ಆ ತುದಿಯಿಂದ ಈ ತುದಿಗೆ ಬರುತ್ತದೆ. ಬಂದ ದಿಕ್ಕಿಗೇ ಮುಖ ಮಾಡಿ ಗಾಡಿ ಹೊರಡುತ್ತದೆ. ಕಿಟಕಿಯ ಪಕ್ಕ ಮುಂದಕ್ಕೆ ನೋಡುತ್ತ ಕೂತಿದ್ದವರು ಈಗ ಹಿಂದಕ್ಕೆ ಸಾಗುತ್ತಿರುತ್ತಾರೆ. ಹಿಂದಿರುಗಿ ಹೋಗುತ್ತಿದ್ದೇವೆ ಅನ್ನಿಸುತ್ತದೆ. ನಿಜದಲ್ಲಿ ಗಾಡಿ ಮುಂದಕ್ಕೇ ಹೋಗುತ್ತಿರುತ್ತದೆ. ಕಲಿತವರು ಮತ್ತೆ ಕಲಿಯಲು ಕೂತಾಗ ಆಗುವುದೂ ಇಂಥದೇ ಒಂದು ಅನುಭವ.

ಎಂವಿಪಿ ಕಾಲೊನಿಯ ಬಾಡಿಗೆ ಕೋಣೆಯಲ್ಲಿ ಅತ್ತೆ ಮೊದಲು ಕೇಳಿದ್ದು ಕೀಬೋರ್ಡ್ ವಿಚಾರ. ತೆಲುಗು ಡಿಟಿಪಿಯಲ್ಲಿ, ಪತ್ರಿಕೆಗಳಲ್ಲಿ ಬಹಳ ಜನ ಕಲಿತಿರುವುದು 'ಆಪಲ್' ಎಂದು ಕರೆಯುವ ಕೀಲಿಗಳ ಜೋಡಣೆ. ಹೊಸ ಕಂಪ್ಯೂಟರಿನಲ್ಲಿ ತೆಲುಗು ಆಯ್ದುಕೊಂಡರೆ ಸುಮ್ಮನೆ ಬರುವುದು ಸರ್ಕಾರಿ ಮಾನಕವಾದ ಇನ್‌ಸ್ಕ್ರಿಪ್ಟ್. ಎರಡು ವಾರ ಅತ್ತೆಯ ಬೆರಳುಗಳು ಹೋರಾಡಿದ್ದು ಅದರ ಜೊತೆಗೆ. ಅಣ್ಣನ ಮಗಳಿಗೆ ತೆಲುಗು ಟೈಪಿಂಗ್ ಎಂದರೆ ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತುವುದು. ಹೀಗೆ ಬೇರೆ ಬೇರೆ ಜೋಡಣೆಗಳಿವೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ಕೂತು ಹುಡುಕಿದರು. ಲಿನಕ್ಸ್‌ನಲ್ಲಿ ಭಾರತೀಯ ಭಾಷೆಗಳ ಟೈಪಿಂಗ್‌ಗೆ ಎಂ17ಎನ್ ಎಂಬ ಒಂದು ಸಂಗ್ರಹ ಇದೆ. ಅದರ ತೆಲುಗು ಪಟ್ಟಿಯಲ್ಲಿ 'ಆಪಲ್' ಇತ್ತು. ಅದನ್ನು ಸೇರಿಸಿ, ಅತ್ತೆ ಕೀಬೋರ್ಡ್ ಮೇಲೆ ಕೈಯಿಟ್ಟರು. ಒಂದು ಸಾಲು ಬಂತು. ಇನ್ನೊಂದು ಸಾಲು ಬಂತು. ಆಮೇಲೆ ಇಡೀ ಪುಟ ಬಂತು, ಕೀಬೋರ್ಡ್ ನೋಡದೆ.

ಅದೇ ಸಂಗ್ರಹದ ಕನ್ನಡ ಪಟ್ಟಿಯಲ್ಲಿ ಕನ್ನಡ ಗಣಕ ಪರಿಷತ್ತಿನ ಜೋಡಣೆಯೂ ಇದೆ, ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಸಿದವರಿಗೆಲ್ಲ ಪರಿಚಿತವಾದ ಕ್ರಮ. ಇವೆಲ್ಲ ಆಕಾಶದಿಂದ ಬಿದ್ದದ್ದಲ್ಲ. ಕೈಗೆ ಅಭ್ಯಾಸವಾದದ್ದು ಜನರ ಜೊತೆ ಬರಲಿ ಎಂದು ಯಾರೋ ತಮ್ಮ ಬಿಡುವಿನ ವೇಳೆಯಲ್ಲಿ ಒಂದೊಂದು ಕೀಲಿಗೂ ಒಂದೊಂದು ಸಾಲು ಬರೆದಿಟ್ಟಿರುತ್ತಾರೆ. ತೆಲುಗು ನಾಡಿನಲ್ಲಿ ಮುಕ್ತ ತಂತ್ರಾಂಶಕ್ಕಾಗಿ 2005ರಿಂದ ಕೆಲಸ ಮಾಡುತ್ತಿರುವ ಸಂಘಟನೆಯ ಹೆಸರು 'ಸ್ವೇಚ್ಛ'. ಆ ಹೆಸರನ್ನು ಕನ್ನಡಕ್ಕೆ ತರುವುದು ಸುಲಭವಲ್ಲ. ತೆಲುಗಿನಲ್ಲಿ ಸ್ವೇಚ್ಛ ಎಂದರೆ ಸ್ವಾತಂತ್ರ್ಯ, ಹೆಮ್ಮೆಯ ಪದ. ಕನ್ನಡದಲ್ಲಿ ಸ್ವೇಚ್ಛೆ ಎಂದೊಡನೆ ಬೆನ್ನಿಗೇ ಸ್ವೇಚ್ಛಾಚಾರ ಬಂದು ನಿಲ್ಲುತ್ತದೆ. ಇರುವುದನ್ನು ಬಿಟ್ಟು ಬೇರೆ ಕಡೆ ಹೊರಟವರನ್ನು ಊರು ನೋಡುವುದೂ ಈ ಎರಡು ಅರ್ಥಗಳ ನಡುವೆಯೇ.

ಎರಡನೆಯ ದಿನ ಪುಟ ಕಟ್ಟುವ ಕೆಲಸ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0, ಬಂದದ್ದು 2001ರಲ್ಲಿ. ಅದರ ಜಾಗಕ್ಕೆ ಸ್ಕ್ರೈಬಸ್ ಎಂಬ ತಂತ್ರಾಂಶ. ಅಣ್ಣನ ಮಗಳಿಗೆ ಅದರ ಮೆನುಗಳೆಲ್ಲ ಗೊತ್ತು, ಪುಟ ಗೊತ್ತಿಲ್ಲ. ಆಕೆ ಮಾಡಿ ತೋರಿಸಿದ ಮೊದಲ ಪುಟ ನೋಡಿ ಅತ್ತೆ ನಕ್ಕರು. ಡೆಮಿ 1/8 ಪುಸ್ತಕಕ್ಕೆ ಒಳಗಿನ ಅಂಚು ಇಷ್ಟು ಕಡಿಮೆ ಬಿಟ್ಟರೆ ಬೈಂಡ್ ಆದ ಮೇಲೆ ಅಕ್ಷರ ಹೊಲಿಗೆಯೊಳಗೆ ಹೋಗುತ್ತದೆ. ಪುಟಗಳು ಹದಿನಾರರ ಫಾರಂ ಲೆಕ್ಕಕ್ಕೆ ಕೂರಬೇಕು, ಇಲ್ಲದಿದ್ದರೆ ಕಾಗದ ದಂಡ. ಅಧ್ಯಾಯದ ಕೊನೆಯ ಒಂದೇ ಸಾಲು ಹೊಸ ಪುಟದಲ್ಲಿ ಒಂಟಿಯಾಗಿ ಕೂರಬಾರದು. ಅತ್ತೆ ಹೇಳುತ್ತಾ ಹೋದರು, ಹುಡುಗಿ ಅದನ್ನು ಮಾಡುವ ಮೆನು ಎಲ್ಲಿದೆ ಎಂದು ಹುಡುಕಿ ತೋರಿಸುತ್ತಾ ಹೋದಳು. ಸಂಜೆಯ ಹೊತ್ತಿಗೆ ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂಬುದು ಸ್ಪಷ್ಟವಿರಲಿಲ್ಲ. ಪ್ರೆಸ್ಸಿನ ಆ ಹಿರಿಯರು ಪ್ರೂಫಿನ ಮೇಜಿನಲ್ಲಿ ಉಳಿದದ್ದು ಏಕೆ ಎಂದು ಅತ್ತೆಗೆ ಆ ದಿನ ಹೊಳೆಯಿತು. ಕೈಯ ವೇಗ ಒಂದು ಯಂತ್ರಕ್ಕೆ ಕಟ್ಟಿಕೊಂಡಿರುತ್ತದೆ. ಪುಟ ಹೇಗಿರಬೇಕು ಎಂಬ ತಿಳಿವಳಿಕೆ ಯಾವ ಯಂತ್ರಕ್ಕೂ ಕಟ್ಟಿಕೊಂಡಿಲ್ಲ.

ಫಾಂಟ್‌ಗಳ ಪಟ್ಟಿಯಲ್ಲಿ ಗಿಡುಗು, ಗುರಜಾಡ ಎಂಬ ಹೆಸರುಗಳು ಕಂಡವು. ಉಚಿತವಾಗಿ ಸಿಗುವ ತೆಲುಗು ಯೂನಿಕೋಡ್ ಫಾಂಟ್‌ಗಳು. ಗಿಡುಗು ರಾಮಮೂರ್ತಿ ಮತ್ತು ಗುರಜಾಡ ಅಪ್ಪಾರಾವ್ ಇಬ್ಬರೂ ಈ ಉತ್ತರಾಂಧ್ರದ ಸೀಮೆಯವರು. ಪಂಡಿತರ ಗ್ರಾಂಥಿಕ ತೆಲುಗಿನಿಂದ ಜನರ ಆಡುಮಾತಿಗೆ ಬರವಣಿಗೆಯನ್ನು ದಾಟಿಸಲು ಬಡಿದಾಡಿದವರು. ಅವರ ಕಾಲದ ಪಂಡಿತರು ಹೆದರಿದ್ದೂ ಬಹುಶಃ ಇದಕ್ಕೇ: ಇಷ್ಟು ವರ್ಷ ಕಲಿತದ್ದಕ್ಕೆ ನಾಳೆ ಬೆಲೆ ಇರುತ್ತದೆಯೇ?

ಮೂರನೆಯ ದಿನದ ಸಂಜೆ, ಕೆಲಸಕ್ಕೆ ಸಂಬಂಧವಿಲ್ಲದ ಒಂದು ಸಂಗತಿ ನಡೆಯಿತು. ಪರದೆಯ ಮೂಲೆಯಲ್ಲಿ ಭಾಷೆ ಬದಲಿಸುವ ಗುರುತು ಇದೆ. ಅಣ್ಣನ ಮಗಳು ಅದಕ್ಕೆ ಕನ್ನಡವನ್ನೂ ಸೇರಿಸಿದಳು, ಇನ್‌ಸ್ಕ್ರಿಪ್ಟ್ ಜೋಡಣೆಯಲ್ಲಿ. ಎರಡು ವಾರ ಒದ್ದಾಡಿದ ಅದೇ ಜೋಡಣೆ. ಅತ್ತೆ ತೆಲುಗಿನ 'ಕ' ಇದ್ದ ಕೀಲಿ ಒತ್ತಿದರು. ಪರದೆಯ ಮೇಲೆ ಕನ್ನಡದ 'ಕ' ಬಂತು. 'ಮ' ಇದ್ದಲ್ಲಿ 'ಮ', 'ಡ' ಇದ್ದಲ್ಲಿ 'ಡ'. ನಿಧಾನವಾಗಿ ಊರಿನ ಹೆಸರು ಬರೆದರು.

ಇದರ ಹಿಂದೆ ಒಂದು ಸರಳವಾದ ಏರ್ಪಾಡು ಇದೆ. 1980ರ ದಶಕದಲ್ಲಿ ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತ ಕ್ರಮ ಇರಲಿ ಎಂದು ಇಸ್ಕಿ ಎಂಬ ಮಾನಕ ರೂಪುಗೊಂಡಿತು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅದನ್ನು ಅಂಗೀಕರಿಸಿತು. ಕಾಗುಣಿತದ ಕ್ರಮ ಎಲ್ಲ ಲಿಪಿಗಳಲ್ಲೂ ಒಂದೇ ತಾನೇ? ಹಾಗಾದರೆ ಅಕ್ಷರದ ಸ್ಥಾನವೂ ಒಂದೇ ಇರಲಿ, ಕೀಲಿಯೂ ಒಂದೇ ಇರಲಿ ಎಂಬ ತರ್ಕ. ಕೀಬೋರ್ಡ್‌ನಲ್ಲಿ ಇನ್‌ಸ್ಕ್ರಿಪ್ಟ್ ಆ ತರ್ಕದ ಕೂಸು: ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನ. ಯೂನಿಕೋಡ್ ಕೂಡ ಆ ಕ್ರಮವನ್ನೇ ಅನುಸರಿಸಿತು. ಅದರಲ್ಲಿ ತೆಲುಗಿಗೆ 128 ಮನೆಗಳ ಒಂದು ಸಾಲು, ಅದರ ಪಕ್ಕದಲ್ಲೇ ಸ್ವಲ್ಪವೂ ಸಂದು ಬಿಡದೆ ಕನ್ನಡದ 128 ಮನೆಗಳು. ತೆಲುಗಿನ 'ಕ' 3093ನೇ ಮನೆಯಲ್ಲಿದೆ, ಕನ್ನಡದ 'ಕ' 3221ನೆಯದರಲ್ಲಿ. ಎರಡರಲ್ಲೂ ಇರುವ ಯಾವ ಅಕ್ಷರ ತೆಗೆದುಕೊಂಡರೂ ಅಂತರ 128ರದ್ದೇ. ಒಂದು ಕಾಲಕ್ಕೆ ಒಂದೇ ಲಿಪಿಯಾಗಿದ್ದು ಕವಲೊಡೆದ ಎರಡು ಲಿಪಿಗಳು ಕಂಪ್ಯೂಟರಿನೊಳಗೆ ಹೀಗೆ ಅಕ್ಕಪಕ್ಕದ ಮನೆಯವರಾಗಿವೆ.

ಮಡಕಶಿರಾದ ಅಮ್ಮನಿಗೆ ತೆಲುಗು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮಗಳಿಗೆ ಅವರು ಬರೆಯುತ್ತಿದ್ದ ಕಾರ್ಡುಗಳು ಕನ್ನಡದಲ್ಲಿ. ತೆಲುಗು ಬಲ್ಲವರು ಕನ್ನಡವನ್ನು ತಡವರಿಸಿಕೊಂಡಾದರೂ ಓದಬಹುದು. ತಲೆಕಟ್ಟು ಬೇರೆ, 'ಕ', 'ತ', 'ಶ' ಬೇರೆ ಥರ, ಅಷ್ಟೇ. ಆದರೆ ಓದಿದಷ್ಟು ಸುಲಭವಲ್ಲ ಬರೆಯುವುದು. ಮಗಳ ಉತ್ತರ ತೆಲುಗಿನಲ್ಲಿ ಹೋಗುತ್ತಿತ್ತು, ಅಣ್ಣ ಓದಿ ಹೇಳುತ್ತಿದ್ದ. ಅಣ್ಣನ ಬಾಯಲ್ಲಿ ಹೇಳಿಸಲು ಆಗದ್ದನ್ನು ಬರೆಯುತ್ತಿರಲಿಲ್ಲ. ಆಮೇಲೆ ಫೋನ್ ಬಂತು, ಕಾರ್ಡು ನಿಂತಿತು. ಈಗ ಅಮ್ಮನಿಗೆ ಕಿವಿ ಮಂದವಾಗಿದೆ. ಫೋನಿನಲ್ಲಿ ಹೇಳಿದ್ದು ಅರ್ಧ ಕೇಳುತ್ತದೆ, ಉಳಿದರ್ಧಕ್ಕೆ "ಹೂಂ" ಅನ್ನುತ್ತಾರೆ. ಕನ್ನಡಕ ಹಾಕಿಕೊಂಡರೆ ಓದಲು ತೊಂದರೆಯಿಲ್ಲ.

ಆ ರಾತ್ರಿ ಅತ್ತೆ ಒಂದು ಪುಟ ಬರೆದರು. ಒಂದು ಪುಟಕ್ಕೆ ಎರಡೂವರೆ ತಾಸು ಹಿಡಿಯಿತು. ಒಂದೊಂದು ಅಕ್ಷರಕ್ಕೂ ಕೀಬೋರ್ಡ್ ನೋಡಿಕೊಂಡು ಬರೆದರು. ಈ ಸಲ ಎದುರಿಗೆ ಯಾರೂ ಕಾದಿರಲಿಲ್ಲ. ವಿಜಯವಾಡದ ಅಂಗಡಿಗೆ ಹಿಂದಿರುಗಿದ ಮೇಲೆ ಅದನ್ನು 20 ಪಾಯಿಂಟ್ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಂಚೆಗೆ ಹಾಕಿದರು. ಹತ್ತು ದಿನದ ಮೇಲೆ ಅಣ್ಣನ ಫೋನಿನಿಂದ ಅಮ್ಮ ಮಾತಾಡಿದರು. ಕಾಗದದಲ್ಲಿ ಒಂದು ಕಡೆ ಮಗಳು, ದುಡ್ಡು ಅವಸರ ಇದ್ದರೆ ಹೇಳು ಎಂದು ಬರೆದಿದ್ದರು, ತೆಲುಗಿನ ಅವಸರ.

"ಅವಸರ ಏನೂ ಇಲ್ಲ ಕಣಮ್ಮ," ಎಂದರು ಅಮ್ಮ. "ನಿಧಾನಕ್ಕೇ ಕಳಿಸು." ಆಮೇಲೆ ತಾವೇ ನಕ್ಕರು. ಎರಡು ಕಡೆ ದೀರ್ಘ ತಪ್ಪಾಗಿದೆ, ಮುಂದಿನ ಸಲ ತಿದ್ದಿಕೋ ಎಂದರು.

ಎಲ್ಲವೂ ದಾಟಿ ಬಂದಿಲ್ಲ. ಹಳೆಯ ಪುಸ್ತಕಗಳ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ, ಆದರೆ ಒತ್ತಕ್ಷರ ಬಂದಲ್ಲಿ, ಇಂಗ್ಲಿಷ್ ಪದ ಬೆರೆತಲ್ಲಿ ಅವು ಎಡವುತ್ತವೆ. ಕೆಲವು ಮುದ್ರಕರು ಈಗಲೂ ಪೇಜ್‌ಮೇಕರ್ ಫೈಲನ್ನೇ ಕೇಳುತ್ತಾರೆ. ಅಂಥ ದಿನ ಅತ್ತೆ ವೈರ್ ಕಿತ್ತ ಆ ಹಳೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪಿಡಿಎಫ್ ಸಾಕು ಎನ್ನುವವರ ಕೆಲಸ ಹೊಸದರಲ್ಲಿ ನಡೆಯುತ್ತದೆ. ಎರಡರಲ್ಲೂ ವೇಗ ಮೊದಲಿನಷ್ಟಿಲ್ಲ, ಏಕೆಂದರೆ ಬೆರಳಿಗೆ ಈಗ ಎರಡು ನೆನಪುಗಳು.

ಕರ್ನಾಟಕದಲ್ಲಿಯೂ ಎಷ್ಟೋ ಪ್ರಕಾಶಕರ, ಕಚೇರಿಗಳ, ಲೇಖಕರ ಬಳಿ ಹಳೆಯ ನುಡಿ, ಹಳೆಯ ಬರಹದ ಕಡತಗಳು ಹೀಗೇ ಬಿದ್ದಿವೆ. ಕಡತ ಎಂಬ ಪದವನ್ನೇ ನೋಡಬಹುದು. ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಬಳಪದಲ್ಲಿ ಬರೆದು, ಮಡಿಸಿ ಇಡುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಕನ್ನಡದಲ್ಲಿ ಕಡತ ಎನ್ನುತ್ತಿದ್ದರು. ಶೃಂಗೇರಿ ಮಠದಲ್ಲಿ, ಹಳೆಯ ವರ್ತಕರ ಮನೆಗಳಲ್ಲಿ ಅವು ಇದ್ದವು. ಬಟ್ಟೆ ಹೋಯಿತು, ಕಾಗದ ಬಂತು. ಕಚೇರಿಯ ಕಾಗದದ ಕಟ್ಟೂ ಕಡತವಾಯಿತು. ಈಗ ಕಂಪ್ಯೂಟರಿನ ಕನ್ನಡ ಮೆನುವಿನಲ್ಲಿ ಫೈಲಿಗೆ ಕಡತ ಎಂದಿದೆ. ತೆಲುಗಿನ ಮೆನುವಿನಲ್ಲಿ 'ದಸ್ತ್ರಂ'. ಪದ ಮೂರು ನೆಲೆಗಳನ್ನು ದಾಟಿ ಬಂದಿದೆ, ಏಕೆಂದರೆ ಅದು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಬಟ್ಟೆಯ ಕಡತಗಳಲ್ಲಿ ಇದ್ದ ಬರಹ ಎಷ್ಟು ಬಂತು ಎಂಬುದು ಬೇರೆ ಮಾತು. ಯಾರೋ ಕೂತು ನಕಲು ಮಾಡಿದಷ್ಟು ಬಂತು.

ಗವರ್ನರ್‌ಪೇಟೆಯ ಅಂಗಡಿಯಲ್ಲಿ ಆ ನಕಲಿನ ಕೆಲಸಕ್ಕೆ ಸಂಜೆ ಏಳರ ನಂತರದ ಹೊತ್ತು. ಗಿರಾಕಿ ಕಡಿಮೆಯಾದ ಮೇಲೆ ಅತ್ತೆ ಡಬ್ಬಿಯಿಂದ ಒಂದು ಹಳೆಯ ಸಿಡಿ ತೆಗೆಯುತ್ತಾರೆ. ಹಳೆಯ ಕಂಪ್ಯೂಟರಿನಲ್ಲಿ ತೆರೆದು, ಪೆನ್‌ಡ್ರೈವ್‌ಗೆ ಹಾಕಿ, ಹೊಸದರಲ್ಲಿ ಪರಿವರ್ತಿಸಿ, ಅಚ್ಚಾದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದುತ್ತಾರೆ. ಮೊದಲು ಆಯ್ದುಕೊಂಡಿರುವುದು ಲೇಖಕರು ಈಗ ಬದುಕಿಲ್ಲದ ಪುಸ್ತಕಗಳನ್ನು. ಬದುಕಿರುವವರು ಬೇಕಾದರೆ ಇನ್ನೊಮ್ಮೆ ಬರೆದುಕೊಟ್ಟಾರು ಎಂಬುದು ಅವರ ಲೆಕ್ಕ. ದಿನಕ್ಕೆ ಆರೇಳು ಪುಟ ಆಗುತ್ತದೆ. ಭಾನುವಾರ ಅದಕ್ಕೆ ರಜೆ. ಅಂದು ಭಾಷೆಯ ಗುರುತು ಕನ್ನಡಕ್ಕೆ ಬದಲಾಗುತ್ತದೆ, ಅಮ್ಮನಿಗೆ ಒಂದು ಪುಟ. ಈಗ ಅದಕ್ಕೆ ಒಂದು ತಾಸು ಸಾಕು.